ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

“ದಿನಾ ನಾಲ್ಕು ಗಂಟೆ ಕೂತು ಓದ್ತಾಳೆ ಮೇಡಂ. ಫೋನೂ ಮುಟ್ಟಲ್ಲ. ಆದರೂ ಮಾರ್ಕ್ಸ್ ಬರ್ತಿಲ್ಲ.”

ಆಪ್ತಸಮಾಲೋಚಕಿಯಾಗಿ ನಾನು ಪದೇ ಪದೇ ಕೇಳುವ ಮಾತು ಇದು. ಆ ದಿನ ಹೀಗೆಂದ ತಾಯಿಯ ಪಕ್ಕದಲ್ಲಿ ಹದಿನೈದರ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ತೊಡೆಯ ಮೇಲೆ ವಿಜ್ಞಾನದ ಪುಸ್ತಕ. ತೆರೆದು ನೋಡಿದರೆ ಪುಟ ಪುಟಕ್ಕೂ ಹೈಲೈಟರ್ ಗೆರೆ. ಮುಖ್ಯವಾದದ್ದಕ್ಕೆ ಹಳದಿ, ಇನ್ನೂ ಮುಖ್ಯವಾದದ್ದಕ್ಕೆ ಗುಲಾಬಿ. ಹೃದಯದ ಪಾಠವನ್ನು ಐದು ಸಲ ಓದಿದ್ದೇನೆ ಎಂದಳು. ಓದಿದ್ದು ನಿಜವೇ, ಆ ಪುಟಗಳ ಅಂಚು ಸವೆದಿತ್ತು.

ಪುಸ್ತಕ ಮುಚ್ಚಿಟ್ಟು ಬಿಳಿ ಹಾಳೆಯೊಂದನ್ನು ಕೊಟ್ಟೆ. “ರಕ್ತ ಹೃದಯಕ್ಕೆ ಬಂದು ಯಾವ ದಾರಿಯಲ್ಲಿ ಹೊರಗೆ ಹೋಗುತ್ತೆ ಅಂತ ಬರೆದು ತೋರಿಸಮ್ಮ. ತಪ್ಪಾದರೆ ಆಗಲಿ.” ನಾಲ್ಕು ಚೌಕ ಎಳೆದಳು. ಬಲ ಹೃತ್ಕರ್ಣ, ಅದರ ಕೆಳಗೆ ಬಲ ಹೃತ್ಕುಕ್ಷಿ. ಮೇಲಿಂದ ಕೆಳಕ್ಕೊಂದು ಬಾಣ. ಅಲ್ಲಿಗೆ ಪೆನ್ನು ನಿಂತಿತು. ಮುಂದಿನ ಬಾಣ ಪಕ್ಕದ ಚೌಕಕ್ಕೋ ಹೊರಗಿನ ಶ್ವಾಸಕೋಶಕ್ಕೋ ತಿಳಿಯದೆ ಎರಡು ನಿಮಿಷ ಹಾಳೆಯನ್ನೇ ನೋಡುತ್ತ ಕೂತಳು. ಕಣ್ಣು ತುಂಬಿ ಬಂತು. “ನನಗೆ ಗೊತ್ತು ಮೇಡಂ, ಆದರೆ ಬರ್ತಿಲ್ಲ.”

ಹದಿಹರೆಯದವರ ಓದಿನ ತೊಂದರೆಯನ್ನು ಇದಕ್ಕಿಂತ ಸರಿಯಾಗಿ ಹೇಳಲು ನನಗೂ ಆಗದು. ಕಣ್ಣೆದುರಿಗಿರುವ ಸಾಲನ್ನು ಗುರುತು ಹಿಡಿಯುವುದು ಒಂದು ಕೆಲಸ. ಏನೂ ಇಲ್ಲದ ಹಾಳೆಯ ಮುಂದೆ ಕೂತು ಅದೇ ಸಾಲನ್ನು ಒಳಗಿಂದ ಹೊರತೆಗೆಯುವುದು ಬೇರೆಯದೇ ಕೆಲಸ. ಐದನೇ ಸಲ ಓದುವಾಗ ಪಾಠ ನೀರು ಕುಡಿದಷ್ಟು ಸಲೀಸಾಗಿ ಹೋಗುತ್ತದೆ, ಆ ಸಲೀಸನ್ನೇ ಮನಸ್ಸು ಕಲಿಕೆ ಎಂದು ತಿಳಿಯುತ್ತದೆ. ಪರೀಕ್ಷೆಯ ಹಾಳೆ ಕೇಳುವುದು ಮಾತ್ರ ಎರಡನೆಯ ಕೆಲಸವನ್ನು, ನಾಲ್ಕು ಗಂಟೆ ಕೂತರೂ ಆ ಮಗು ಒಂದು ಸಲವೂ ಮಾಡದೇ ಇದ್ದ ಕೆಲಸವನ್ನು.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇ. 83ರಷ್ಟು, ಬರೆದವರಿಗೆ ಶೇ. 71ರಷ್ಟು ನೆನಪಿತ್ತು. ಒಂದು ವಾರದ ನಂತರ ಲೆಕ್ಕ ತಿರುಗಿತು. ಓದಿದವರಲ್ಲಿ ಉಳಿದದ್ದು ಶೇ. 40, ಬರೆದವರಲ್ಲಿ ಶೇ. 61. ಇಷ್ಟಾದರೂ ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದಾಗ ಹೆಚ್ಚು ಭರವಸೆಯಿಂದ ಉತ್ತರಿಸಿದವರು ಓದುತ್ತಲೇ ಇದ್ದ ಗುಂಪಿನವರು. ನನ್ನ ಬಳಿ ಬರುವ ಮಕ್ಕಳಿಗೆ ನಾನು ತಪ್ಪದೆ ಹೇಳುವುದು ಈ ಕೊನೆಯ ಸಂಗತಿಯನ್ನು. ‘ಚೆನ್ನಾಗಿ ಓದಿಯಾಯ್ತು’ ಎಂಬ ಅನಿಸಿಕೆಯನ್ನು ಅಳತೆಗೋಲು ಮಾಡಿಕೊಂಡರೆ ದಾರಿ ತಪ್ಪುತ್ತದೆ.

ಹಾಗಾಗಿ ನಾನು ಮೊದಲು ಕಲಿಸುವುದು ಪುಸ್ತಕ ಮುಚ್ಚುವ ಅಭ್ಯಾಸ. ಪಾಠದ ಒಂದು ಭಾಗವನ್ನು, ಎರಡು ಮೂರು ಪುಟ ಸಾಕು, ನಿಧಾನವಾಗಿ ಅರ್ಥಮಾಡಿಕೊಂಡು ಓದಬೇಕು. ಪುಸ್ತಕ ಮುಚ್ಚಿ ಕೈಗೆ ಸಿಗದ ಕಡೆ ಇಡಬೇಕು. ಹಾಳೆಯ ಮೇಲೆ ನೆನಪಾದದ್ದನ್ನೆಲ್ಲ ಸ್ವಂತ ಮಾತಿನಲ್ಲಿ ಬರೆಯಬೇಕು: ಚಿತ್ರ, ಬಾಣ, ಅರ್ಧ ವಾಕ್ಯ, ಏನಾದರೂ ಸರಿ. ಅಕ್ಷರ ಅಂದವಾಗಿರಬೇಕಿಲ್ಲ, ಇದನ್ನು ಯಾರಿಗೂ ತೋರಿಸಬೇಕಿಲ್ಲ. ಮುಂದೆ ಹೋಗದೆ ನಿಂತಾಗ ಕೂಡಲೇ ಪುಸ್ತಕ ತೆರೆಯುವ ಆಸೆ ಆಗುತ್ತದೆ. ಒಂದು ನಿಮಿಷ ತಡೆದುಕೊಳ್ಳಬೇಕು. ಆ ತಡಕಾಟವೇ ನೆನಪನ್ನು ಗಟ್ಟಿ ಮಾಡುವ ಕೆಲಸ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಬೇಕು. ಈ ತಿದ್ದುವ ಹೆಜ್ಜೆಯನ್ನು ಬಿಡಲೇಬಾರದು, ತಪ್ಪು ಕೂಡ ಹೇಳಿಕೊಂಡಷ್ಟೂ ಗಟ್ಟಿಯಾಗಿಬಿಡುತ್ತದೆ. ನಾಳೆ ಏನು ಓದಬೇಕು ಎಂಬುದನ್ನು ಆ ಬಣ್ಣದ ಅಕ್ಷರಗಳೇ ಹೇಳುತ್ತವೆ. ಇಡೀ ಪಾಠವನ್ನು ಮತ್ತೆ ಮೊದಲಿಂದ ಓದುವ ಕೆಲಸ ತಪ್ಪುತ್ತದೆ.

ಮೊದಲ ವಾರ ಇದು ಬಹಳ ಕಷ್ಟ. ಹಾಳೆಯಲ್ಲಿ ನಾಲ್ಕೇ ಸಾಲು ಬಂದಾಗ ‘ನಾನು ದಡ್ಡ’ ಎಂದುಕೊಳ್ಳುವ ಮಕ್ಕಳನ್ನು ನೋಡಿದ್ದೇನೆ. ಅವರಿಗೆ ಈ ಮಾತನ್ನು ಒತ್ತಿ ಹೇಳಬೇಕು: ಮೊದಲ ಹಾಳೆ ಎಲ್ಲರದ್ದೂ ಖಾಲಿಯೇ ಇರುತ್ತದೆ, ಚೆನ್ನಾಗಿ ಓದುವವರದ್ದೂ. ಆ ಖಾಲಿ ಜಾಗ ಪರೀಕ್ಷೆಯ ಕೋಣೆಯಲ್ಲಿ ಕಾಣಿಸಿಕೊಳ್ಳುವ ಬದಲು ಮೇಜಿನ ಮೇಲೆ, ಇನ್ನೂ ಸಮಯ ಇರುವಾಗ ಕಾಣಿಸಿತಲ್ಲ, ಅದೇ ಲಾಭ.

ಎರಡನೆಯದು ಹಂಚಿ ಓದುವುದು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತೇನೆ ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ಗಂಟೆಗಳಲ್ಲೇ ಮರೆವು ರಭಸವಾಗಿ ಸಾಗುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು ತೋರಿಸಿಕೊಟ್ಟವನು ಆತ. ಹನ್ನೆರಡು ಉಚ್ಚಾರಗಳ ಪಟ್ಟಿಯನ್ನು ಒಂದೇ ದಿನ 68 ಸಲ ಹೇಳಿಕೊಂಡಾಗ ಸಿಕ್ಕಷ್ಟು ಫಲ, ಮೂರು ದಿನಕ್ಕೆ ಹಂಚಿ ಬರೀ 38 ಸಲ ಹೇಳಿಕೊಂಡಾಗಲೂ ಅವನಿಗೆ ಸಿಕ್ಕಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಕೂತು ಉರು ಹೊಡೆಯುವವರು ಪೂರ್ತಿ ಶ್ರಮ ಪಟ್ಟು ಅರ್ಧ ಕೂಲಿ ತೆಗೆದುಕೊಳ್ಳುತ್ತಾರೆ. ಮಾರನೆಯ ದಿನ ಬರೆಯುವುದಕ್ಕೆ ಅದು ಹೇಗೋ ಸಾಕಾಗಬಹುದು, ಮೂರು ತಿಂಗಳ ನಂತರದ ದೊಡ್ಡ ಪರೀಕ್ಷೆಗೆ ಮತ್ತೆ ಮೊದಲಿಂದ ಶುರು.

ಇದಕ್ಕೆ ದೊಡ್ಡ ಟೈಮ್‌ಟೇಬಲ್ ಬೇಡ. ಬಣ್ಣ ಬಣ್ಣದ ಟೈಮ್‌ಟೇಬಲ್ ಬರೆಯುವುದರಲ್ಲೇ ಒಂದು ಸಂಜೆ ಕಳೆದುಹೋಗುತ್ತದೆ, ಮೂರನೆಯ ದಿನಕ್ಕೆ ಅದು ಮುರಿಯುತ್ತದೆ. ನಾನು ಹೇಳುವುದು ಇಷ್ಟೇ: ಇವತ್ತು ಬರೆದ ಹಾಳೆಯ ಮೂಲೆಯಲ್ಲಿ ಮೂರು ದಿನಾಂಕ ಹಾಕು. ನಾಳೆಯದ್ದು, ನಾಲ್ಕನೆಯ ದಿನದ್ದು, ಇನ್ನೊಂದು ಹತ್ತು ದಿನ ಬಿಟ್ಟು. ಆ ದಿನಗಳಲ್ಲಿ ಹಳೆಯ ಹಾಳೆ ನೋಡದೆ ಹೊಸ ಹಾಳೆಯಲ್ಲಿ ಮತ್ತೆ ಬರೆ. ಒಂದೊಂದು ಪಾಠಕ್ಕೆ ಹತ್ತು ನಿಮಿಷ ಹಿಡಿಯಬಹುದು. ನಡುವೆ ಸ್ವಲ್ಪ ಮರೆತಿದ್ದರೆ ಒಳ್ಳೆಯದೇ, ಮರೆವಿನ ಅಂಚಿನಿಂದ ಎಳೆದು ತಂದ ನೆನಪು ಹೆಚ್ಚು ಕಾಲ ಉಳಿಯುತ್ತದೆ.

ಗಣಿತದ ಮಾತು ಸ್ವಲ್ಪ ಬೇರೆ. ಬಿಡಿಸಿದ ಲೆಕ್ಕವನ್ನು ಓದಿ ‘ಹೌದು, ಹೌದು’ ಎಂದು ತಲೆಯಾಡಿಸುವುದು ಹಳದಿ ಗೆರೆಯ ಇನ್ನೊಂದು ರೂಪ. ಇದಲ್ಲದೆ ಇನ್ನೂ ಒಂದು ಬಲೆ ಇದೆ. ಪುಸ್ತಕದಲ್ಲಿ ಒಂದು ಸೂತ್ರದ ಹಿಂದೆ ಅದೇ ಸೂತ್ರದ ಲೆಕ್ಕಗಳು ಸಾಲಾಗಿ ಬರುತ್ತವೆ. ಹತ್ತನೆಯ ಲೆಕ್ಕಕ್ಕೆ ಬರುವ ಹೊತ್ತಿಗೆ ಮಗು ಪ್ರಶ್ನೆಯನ್ನೇ ಓದುವುದಿಲ್ಲ, ಅಂಕಿಗಳನ್ನು ಎತ್ತಿ ಸೂತ್ರದಲ್ಲಿ ಹಾಕುತ್ತದೆ. ಪರೀಕ್ಷೆಯಲ್ಲಾದರೋ ಮೊದಲ ಕಷ್ಟವೇ ಯಾವ ಸೂತ್ರ ಎಂದು ಆರಿಸುವುದು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಲಿತರು. ಒಂದೊಂದೇ ಬಗೆಯನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ. 89 ಸರಿ ಮಾಡಿದರು, ಕಲಸಿ ಮಾಡಿದವರು ಶೇ. 60 ಮಾತ್ರ. ವಾರದ ನಂತರದ ಪರೀಕ್ಷೆಯಲ್ಲಿ ಸಾಲಾಗಿ ಮಾಡಿದವರಿಗೆ ಶೇ. 20, ಕಲಸಿ ಮಾಡಿದವರಿಗೆ ಶೇ. 63. ಅದಕ್ಕೇ ಹಿಂದಿನ ಮೂರು ನಾಲ್ಕು ಪಾಠಗಳಿಂದ ಎರಡೆರಡು ಲೆಕ್ಕ ಆಯ್ದು, ಚೀಟಿ ಮಾಡಿ, ಕಲಸಿ ಎತ್ತಿ ಬಿಡಿಸಿ ಎನ್ನುತ್ತೇನೆ.

ಕನ್ನಡದಲ್ಲಿ ‘ಅಭ್ಯಾಸ’ ಎಂಬ ಒಂದೇ ಮಾತು ಓದಿಗೂ ಆಗುತ್ತದೆ, ರೂಢಿಗೂ ಆಗುತ್ತದೆ. ನನ್ನ ಕೆಲಸ ಇರುವುದು ಈ ಎರಡು ಅರ್ಥಗಳ ನಡುವೆ. ಓದುವ ವಿಧಾನ ತಿಳಿದ ಮಕ್ಕಳೂ ಕೂರುವುದಕ್ಕೆ ದಿನಾ ಮನಸ್ಸಿನೊಡನೆ ಜಗಳವಾಡಬೇಕಾದರೆ ಬೇಗ ಸೋಲುತ್ತಾರೆ. ‘ಇನ್ನು ಮೇಲೆ ಚೆನ್ನಾಗಿ ಓದುತ್ತೇನೆ’ ಎಂಬ ಮಾತು ಎರಡು ದಿನ ನಿಲ್ಲುತ್ತದೆ. ‘ಸಂಜೆ ಮುಖ ತೊಳೆದು ಬಂದ ಕೂಡಲೇ ಈ ಕುರ್ಚಿಯಲ್ಲಿ ಕೂತು ಒಂದು ಹಾಳೆ ಬರೆಯುತ್ತೇನೆ’ ಎಂಬುದು ನಿಲ್ಲುತ್ತದೆ, ಮುಖ ತೊಳೆಯುವುದು ಹೇಗೂ ನಡೆಯುವ ಕೆಲಸವಾದ್ದರಿಂದ ಅದರ ಬೆನ್ನಿಗೆ ಓದೂ ಬರುತ್ತದೆ. 21 ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ, ಅದನ್ನು ನಂಬಿ ಕೂರಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ದಿನನಿತ್ಯದ ಸಣ್ಣ ರೂಢಿಗಳನ್ನು ಗಮನಿಸಿದಾಗ ನಡುವಿನ ಲೆಕ್ಕ 66 ದಿನ ಬಂದಿತ್ತು. ಜನರಿಂದ ಜನರಿಗೆ ಅದು 18ರಿಂದ 254 ದಿನಗಳವರೆಗೆ ಹರಡಿತ್ತು. ಮಧ್ಯೆ ಒಂದು ದಿನ ತಪ್ಪಿದರೆ ಅಲ್ಲಿಯವರೆಗಿನ ಗಳಿಕೆ ಹಾಳಾಗುವುದಿಲ್ಲ ಎಂಬುದನ್ನೂ ಅವರು ಕಂಡರು. ಒಂದು ದಿನ ತಪ್ಪಿದ್ದಕ್ಕೆ ಎಲ್ಲವನ್ನೂ ಕೈಬಿಡುವ ಮಕ್ಕಳಿಗೆ ನಾನು ಇದನ್ನೇ ಹೇಳುತ್ತೇನೆ.

ಫೋನಿನ ಬಗ್ಗೆ ಎಲ್ಲರೂ ಹೇಳಿದ್ದಾರೆ, ನನ್ನದು ಒಂದೇ ಮಾತು: ಬರೆಯುವ ಹೊತ್ತಿನಲ್ಲಿ ಅದು ಬೇರೆ ಕೋಣೆಯಲ್ಲಿರಲಿ, ದೊಡ್ಡವರದ್ದೂ. ನಿದ್ದೆಯ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಸೂಚಿಸಿದೆ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದೆ ಸರಿಯುತ್ತದೆ, ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಬೆಳಿಗ್ಗೆ ಏಳಲಾಗದ ಮಗುವನ್ನು ಸೋಮಾರಿ ಎಂದು ಬೈಯುವ ಮುನ್ನ ಇದು ನೆನಪಿರಲಿ. ಹಗಲು ಕಲಿತದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ. ರಾತ್ರಿ ಎರಡರವರೆಗೆ ಓದಿಸುವುದೆಂದರೆ ಸಂಜೆ ಕಟ್ಟಿದ್ದನ್ನು ರಾತ್ರಿ ಕೆಡವಿದ ಹಾಗೆ.

ಇಷ್ಟೆಲ್ಲ ಮಾಡಿದರೂ ಮುಂದೆ ಹೋಗದ ಮಕ್ಕಳಿದ್ದಾರೆ. ಸಾಲಿನ ಮೇಲೆ ಕಣ್ಣು ನಿಲ್ಲದಿದ್ದರೆ, ಓದುವಾಗ ಅಕ್ಷರಗಳು ಪದೇ ಪದೇ ತಪ್ಪುತ್ತಿದ್ದರೆ, ಇಷ್ಟಪಟ್ಟು ಮಾಡುತ್ತಿದ್ದುದರಲ್ಲೂ ಆಸಕ್ತಿ ಹೋಗಿದ್ದರೆ, ಪರೀಕ್ಷೆ ಎಂದೊಡನೆ ಕೈ ನಡುಗುತ್ತಿದ್ದರೆ ಅದಕ್ಕೆ ಓದಿನ ಅಭ್ಯಾಸ ಮದ್ದಲ್ಲ. ಕಣ್ಣಿನ ಪರೀಕ್ಷೆ ಮಾಡಿಸಿ, ಕಲಿಕೆಯ ತೊಡಕು ಗುರುತಿಸುವವರನ್ನು ಅಥವಾ ಮನಶ್ಶಾಸ್ತ್ರಜ್ಞರನ್ನು ಕಾಣಿ. ತಡ ಮಾಡಿದಷ್ಟೂ ಮಗು ತನ್ನನ್ನೇ ತಪ್ಪುಗಾರ ಎಂದುಕೊಳ್ಳುತ್ತದೆ.

ಆ ಹುಡುಗಿಯ ತಾಯಿಗೂ ಒಂದು ಕೆಲಸ ಕೊಟ್ಟಿದ್ದೆ. ‘ಎಷ್ಟು ಹೊತ್ತು ಓದಿದೆ?’ ಎಂದು ಕೇಳುವುದನ್ನು ಬಿಟ್ಟು ‘ಇವತ್ತು ಬರೆದದ್ದು ನನಗೂ ಸ್ವಲ್ಪ ಹೇಳ್ತೀಯಾ?’ ಎಂದು ಕೇಳಬೇಕು, ನಡುವೆ ತಿದ್ದಬಾರದು. ಗಂಟೆ ಎಣಿಸುವ ಮನೆಯಲ್ಲಿ ಮಗು ಗಂಟೆ ತುಂಬಿಸಲು ಕಲಿಯುತ್ತದೆ. ಆಕೆಗೆ ಇದು ಮಗಳಿಗಿಂತ ಕಷ್ಟವಾಯಿತಂತೆ.

ಆರು ವಾರದ ನಂತರ ಹುಡುಗಿ ಹಾಳೆಗಳ ಕಟ್ಟನ್ನೇ ತಂದಿದ್ದಳು. ಹೃದಯದ ಹಾಳೆಗಳು ನಾಲ್ಕಿದ್ದವು. ಮೊದಲನೆಯದರಲ್ಲಿ ಅದೇ ನಿಂತುಹೋದ ಬಾಣ. ಎರಡನೆಯದರಲ್ಲಿ ಶ್ವಾಸಕೋಶ ಹಸಿರು ಶಾಯಿಯಲ್ಲಿ ಬಂದು ಸೇರಿತ್ತು. ನಾಲ್ಕನೆಯದರಲ್ಲಿ ಬಾಣಗಳೆಲ್ಲ ನೀಲಿಯಲ್ಲೇ ಸುತ್ತು ಮುಗಿಸಿದ್ದವು. ಎಡ ಹೃತ್ಕುಕ್ಷಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತನಗೆ ತಾನೇ ಒಂದು ಪ್ರಶ್ನೆ ಹಾಕಿಕೊಂಡಿದ್ದಳು: ‘ಇದರ ಗೋಡೆ ಮಾತ್ರ ಯಾಕೆ ಇಷ್ಟು ದಪ್ಪ?’ ಕೆಳಗೆ ಅವಳದ್ದೇ ಉತ್ತರ: ‘ಇಡೀ ದೇಹಕ್ಕೆ ತಳ್ಳಬೇಕಲ್ಲ.’