ಎರಡೂ ಫ್ಲಿಪ್ಪರ್ ಒತ್ತಿದ ಕೂಡಲೇ ಆಟ ಆರಿಹೋದರೆ

ಹಳೇ ಪಿನ್‌ಬಾಲ್ ಯಂತ್ರ ಕೊಂಡವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ. ಆನ್ ಮಾಡಿದರೆ ದೀಪ ಹತ್ತುತ್ತವೆ, ಸದ್ದು ಬರುತ್ತದೆ, ಆಟವೂ ಶುರುವಾಗುತ್ತದೆ. ಚೆಂಡು ಕೆಳಗೆ ಜಾರುವಾಗ ಗಾಬರಿಯಿಂದ ಎರಡೂ ಫ್ಲಿಪ್ಪರ್ (ಚೆಂಡನ್ನು ಮೇಲಕ್ಕೆ ಹೊಡೆಯುವ ಕೈಗಳು) ಒಟ್ಟಿಗೆ ಒತ್ತಿದಿರೋ, ಎಲ್ಲಾ ಒಮ್ಮೆ ಆರಿ ಯಂತ್ರ ಮೊದಲಿನಿಂದ ಶುರುವಾಗುತ್ತದೆ. ಸ್ಕೋರು ಹೋಯಿತು. ಕಂಪ್ಯೂಟರ್ ಬೋರ್ಡೇ ಕೆಟ್ಟಿದೆ ಅಂದುಕೊಂಡು ಜನ ಹೊಸ ಬೋರ್ಡ್ ಹುಡುಕಲು ಹೊರಡುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ಬೋರ್ಡ್ ಚೆನ್ನಾಗಿಯೇ ಇರಬಹುದು. ಅದಕ್ಕೆ ಹೊಟ್ಟೆಗೆ ಸಾಲುತ್ತಿಲ್ಲ, ಅಷ್ಟೆ.

ಯಂತ್ರದೊಳಗಿನ ಒಂದೇ ಟ್ರಾನ್ಸ್‌ಫಾರ್ಮರ್ ಹಲವರಿಗೆ ಊಟ ಬಡಿಸುತ್ತದೆ. ಚಿಪ್‌ಗಳಿಗೆ 5 ವೋಲ್ಟ್, ಸಾಮಾನ್ಯ ಬಲ್ಬುಗಳಿಗೆ ಸುಮಾರು 6 ವೋಲ್ಟ್, ಚೆಂಡನ್ನು ಒದೆಯುವ ಕಾಯಿಲ್‌ಗಳಿಗೆ 50 ವೋಲ್ಟ್ ಅಥವಾ ಜಾಸ್ತಿ. ಫ್ಲಿಪ್ಪರ್ ಕಾಯಿಲ್‌ನ ಒದೆಯುವ ಸುತ್ತಿನ ರೋಧ 4 ಓಮ್ ಆಸುಪಾಸು. 50 ವೋಲ್ಟ್ ಕೊಟ್ಟರೆ ಆ ಕ್ಷಣಕ್ಕೆ 12 ಆಂಪಿಯರ್‌ವರೆಗೂ ಎಳೆಯಬಲ್ಲದು. ಎರಡು ಕಾಯಿಲ್ ಒಟ್ಟಿಗೆ ಎಳೆದಾಗ ಟ್ರಾನ್ಸ್‌ಫಾರ್ಮರ್ ಕುಗ್ಗುತ್ತದೆ. ಉಳಿದವರ ಪಾಲೂ ಕಡಿಮೆಯಾಗುತ್ತದೆ. 1990ರ ದಶಕದ ವಿಲಿಯಮ್ಸ್ ಕಂಪನಿಯ ಯಂತ್ರಗಳಲ್ಲಿ 5 ವೋಲ್ಟ್ ಸುಮಾರು 4.6ಕ್ಕಿಂತ ಕೆಳಗಿಳಿದರೆ ಕಾವಲು ಚಿಪ್ ಒಂದು ಪ್ರೊಸೆಸರ್ ಅನ್ನು ರೀಸೆಟ್ ಮಾಡುತ್ತದೆ. ಅಂದರೆ ನೀವು ನೋಡುತ್ತಿರುವುದು ಬೋರ್ಡಿನ ರೋಗವಲ್ಲ, ಅದರ ಎಚ್ಚರ.

ಹೊಸ ಯಂತ್ರಕ್ಕೆ ಈ ಕುಗ್ಗುವಿಕೆ ಲೆಕ್ಕಕ್ಕೇ ಬರುವುದಿಲ್ಲ. ಹಳೆಯದಕ್ಕೆ ಯಾಕೆ ತಡೆಯದು? ಕೆಪ್ಯಾಸಿಟರ್ ನೋಡಿ. ಎಸಿ ಕರೆಂಟನ್ನು ನಾಲ್ಕು ಡಯೋಡಿನ ಬ್ರಿಡ್ಜ್ ಒಂದೇ ದಿಕ್ಕಿಗೆ ತಿರುಗಿಸಿದ ಮೇಲೂ ಅದು ಅಲೆಅಲೆಯಾಗಿಯೇ ಬರುತ್ತದೆ. 50 ಹರ್ಟ್ಸ್ ಇದ್ದಲ್ಲಿ ಪ್ರತಿ 10 ಮಿಲಿಸೆಕೆಂಡಿಗೆ ಒಂದು ಅಲೆ. ಅಲೆಗಳ ನಡುವಿನ ಬರವನ್ನು ಕೆಪ್ಯಾಸಿಟರ್ ಕೆರೆಯ ಹಾಗೆ ತುಂಬಿಕೊಡಬೇಕು. ಈ ಕೆರೆಯ ಮಟ್ಟ 5 ವೋಲ್ಟಿಗಿಂತ ಮೇಲಿರುತ್ತದೆ, ಅದನ್ನು 5ಕ್ಕೆ ಇಳಿಸಿ ಸ್ಥಿರವಾಗಿ ಕೊಡುವುದು ಮುಂದಿನ ರೆಗ್ಯುಲೇಟರ್. 15,000 ಮೈಕ್ರೋಫ್ಯಾರಡ್‌ನ ಕೆರೆಯಿಂದ 2 ಆಂಪಿಯರ್ ಎಳೆದರೆ ಅಲೆಗಳ ನಡುವೆ ಮಟ್ಟ ಹೆಚ್ಚೆಂದರೆ 1.3 ವೋಲ್ಟ್ ಇಳಿಯುತ್ತದೆ. ವರ್ಷಗಳ ಬಿಸಿಗೆ ಒಳಗಿನ ದ್ರವ ಒಣಗಿ ಸಾಮರ್ಥ್ಯ ಮೂರನೇ ಒಂದು ಭಾಗಕ್ಕೆ ಬಂತು ಅಂದುಕೊಳ್ಳಿ. ಇಳಿತ 4 ವೋಲ್ಟ್ ಮುಟ್ಟುತ್ತದೆ! ಹೂಳು ತುಂಬಿದ ಕೆರೆ ಅದು. ತುಂಬಿದಂತೆ ಕಾಣುತ್ತದೆ, ನಾಲ್ಕು ಕೊಡ ಎತ್ತಿದರೆ ತಳ ಕಾಣುತ್ತದೆ. ಬ್ರಿಡ್ಜಿನ ಒಂದು ಡಯೋಡ್ ಕಡಿದುಹೋಗಿದ್ದರೂ ಇದೇ ಗತಿ, ಯಾಕಂದ್ರೆ ಆಗ ಎರಡು ಅಲೆಗೆ ಒಂದು ಕಾಣೆ.

ಅಳೆಯುವ ಮೊದಲು ಜೀವ ಮುಖ್ಯ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಬ್ಯಾಲಿ ಕಂಪನಿಯ ಹಳೇ ಯಂತ್ರಗಳ ಅಂಕಿ ಡಿಸ್‌ಪ್ಲೇಗೆ ಹೋಗುವುದು 190 ವೋಲ್ಟ್. ಅದರ ಹತ್ತಿರ ಬೆರಳು ಬೇಡ. ಆನ್ ಇದ್ದಾಗ ಅಳೆದು ಅನುಭವವಿಲ್ಲದಿದ್ದರೆ ಬಲ್ಲವರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಯಂತ್ರ ಬೇರೆ ದೇಶದಿಂದ ಬಂದಿದ್ದರೆ ಟ್ರಾನ್ಸ್‌ಫಾರ್ಮರ್‌ನ ಜಂಪರ್ (ವೋಲ್ಟೇಜ್ ಆರಿಸುವ ತಂತಿ ಜೋಡಣೆ) ನಿಮ್ಮ ವೋಲ್ಟೇಜಿಗೆ ಹೊಂದಿದೆಯಾ ಅಂತ ಮೊದಲೇ ನೋಡಿ. ಫ್ಯೂಸನ್ನು ಕಣ್ಣಲ್ಲಿ ನೋಡಿ ನಂಬಬೇಡಿ, ಹಿಡಿಕೆಯಿಂದ ಹೊರತೆಗೆದು ಮೀಟರ್‌ನಲ್ಲಿ ಪರೀಕ್ಷಿಸಿ. ಸುಟ್ಟಿದ್ದರೆ ಅದೇ ಅಳತೆಯದನ್ನೇ ಹಾಕಿ. ದೊಡ್ಡ ಫ್ಯೂಸ್ ಹಾಕಿದರೆ ಅದು ಉಳಿದುಕೊಂಡು ವೈರ್ ಸುಡುತ್ತದೆ.

ಈಗ ಮಲ್ಟಿಮೀಟರನ್ನು ಡಿಸಿಗೆ ಇಟ್ಟು ಪ್ರೊಸೆಸರ್ ಬೋರ್ಡಿನ ಮೇಲೇ 5 ವೋಲ್ಟ್ ಅಳೆಯಿರಿ. ಸುಮ್ನೆ ನಿಂತ ಯಂತ್ರದಲ್ಲಿ 4.98 ಬಂದರೆ ಖುಷಿಪಡಬೇಡಿ. ಆಟ ಶುರುಮಾಡಿ, ಬೇರೆಯವರಿಂದ ಎರಡೂ ಫ್ಲಿಪ್ಪರ್ ಒತ್ತಿಸಿ, ಅಂಕಿಯ ಮೇಲೆ ಕಣ್ಣಿಡಿ. ಮೀಟರ್ ನಿಧಾನ, ಕ್ಷಣದ ಕುಸಿತವನ್ನು ಪೂರ್ತಿ ತೋರಿಸದು. ಆದ್ದರಿಂದ ಚೂರು ನಡುಗಿದರೂ ಗುಮಾನಿ ಪಡಿ. ಆಮೇಲೆ ಮೀಟರನ್ನು ಎಸಿಗೆ ತಿರುಗಿಸಿ 5 ವೋಲ್ಟಿನ ಸಾಲಿನ ದೊಡ್ಡ ಕೆಪ್ಯಾಸಿಟರ್‌ನ ಎರಡು ತುದಿಗೆ ಹಿಡಿಯಿರಿ. ಒಂದು ವೋಲ್ಟಿಗಿಂತ ಜಾಸ್ತಿ ಅಲೆ ಕಂಡರೆ ಕೆರೆ ಅಥವಾ ಬ್ರಿಡ್ಜ್ ಸೋತಿದೆ. ಹೊಸ ಕೆಪ್ಯಾಸಿಟರ್ ಹಾಕುವಾಗ ಪ್ಲಸ್ ಮೈನಸ್ ತಪ್ಪಬಾರದು. 105 ಡಿಗ್ರಿ ಬಿಸಿ ತಡೆಯುವಂಥದು ಸಿಕ್ಕರೆ ಅದನ್ನೇ ಹಾಕಿ.

ಅಲೆ ಕಡಿಮೆಯೇ ಇದ್ದೂ ರೀಸೆಟ್ ನಿಲ್ಲದಿದ್ದರೆ? ಆಗ ಪವರ್ ಬೋರ್ಡಿನಲ್ಲಿ ಒಮ್ಮೆ, ಪ್ರೊಸೆಸರ್ ಬೋರ್ಡಿನಲ್ಲಿ ಒಮ್ಮೆ ಅಳೆದು ಹೋಲಿಸಿ. ಇಲ್ಲಿ 5.0, ಅಲ್ಲಿ 4.7 ಅಂದರೆ ಕಳ್ಳ ನಡುವಿನ ಕನೆಕ್ಟರ್. ಅದರ ಪಿನ್ನಿನ ಬುಡ ಕಂದಾಗಿದೆಯಾ, ಬೆಸುಗೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಉಂಗುರ ಬಿರುಕು ಇದೆಯಾ, ಟಾರ್ಚ್ ಹಿಡಿದು ನೋಡಿ. 0.1 ಓಮ್ ರೋಧ ಸೇರಿಕೊಂಡರೂ 3 ಆಂಪಿಯರ್‌ಗೆ 0.3 ವೋಲ್ಟ್ ಅಲ್ಲೇ ನುಂಗಿಹೋಗುತ್ತದೆ, ಅದೇ ಬಿಸಿಯಾಗಿ ಪಿನ್ನನ್ನು ಇನ್ನಷ್ಟು ಕೆಡಿಸುತ್ತದೆ. ಮರಳು ಕಾಗದದಿಂದ ಉಜ್ಜಿದರೆ ಲೇಪ ಹೋಗಿ, ಕೆಲವು ವಾರದಲ್ಲಿ ಹಳೇ ಕಥೆ ಶುರು. ಬೋರ್ಡಿನ ಪಿನ್ನು, ವೈರಿನ ತುದಿಯ ಹಿಡಿ, ಎರಡನ್ನೂ ಒಟ್ಟಿಗೆ ಬದಲಿಸಬೇಕು.