ಮೋಟರ್ ಬದಲಿಸುವ ಮೊದಲು ವೋಲ್ಟೇಜ್ ನೋಡಿ

ಮಾರ್ಚ್ ಬಂತೆಂದರೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಆಚಾರಿಗಳಿಂದ ಒಂದೇ ಬಗೆಯ ಫೋನು: "ಅಣ್ಣಾ, ಮರ ಕೊಯ್ಯುವ ಟೇಬಲ್ ಸಾ ಎಳೆಯುವುದೇ ಇಲ್ಲ. 2 ಎಚ್‌ಪಿ ತೆಗೆದು 3 ಎಚ್‌ಪಿ ಕೂರಿಸಿ ಕೊಡಿ." ನಾನು ಮೋಟರ್ ವೈಂಡಿಂಗ್ ಕೆಲಸದವನು, ಹೊಸದು ಕೂರಿಸಿದರೆ ನನಗೆ ಸಂಪಾದನೆಯೇ. ಆದರೂ ತಡೆಯಿರಿ ಎನ್ನುತ್ತೇನೆ. ಹಲಸಿನ ಹಲಗೆಯ ನಡುವೆ ಬ್ಲೇಡು ನಿಂತ ಮಾತ್ರಕ್ಕೆ ಮೋಟರ್ ಸಣ್ಣದೆಂದು ಅರ್ಥವಲ್ಲ.

ಮಳೆಗಾಲದಲ್ಲಿ ಇದೇ ಮೋಟರ್ ಇದೇ ಹಲಸನ್ನು ಸೀಳುತ್ತಿತ್ತಲ್ಲ? ಬೇಸಗೆಯಲ್ಲಿ ಸುತ್ತಲಿನ ಅಡಿಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುತ್ತವೆ, ವೋಲ್ಟೇಜ್ ಕುಸಿಯುತ್ತದೆ. ಹಾಗೆಂದರೆ, "ಇಲ್ಲ, ನೋಡಿದ್ದೇನೆ, 225 ಇದೆ" ಎಂಬ ಉತ್ತರ. ನೋಡಿದ್ದೆಲ್ಲಿ? ಮನೆಯ ಮೀಟರ್ ಬೋರ್ಡಿನಲ್ಲಿ, ಅದೂ ಮೆಶಿನು ಆಫ್ ಇರುವಾಗ! ನೋಡಬೇಕಾದದ್ದು ವಯರು ಬಂದು ಸೇರುವ ಮೋಟರಿನ ಟರ್ಮಿನಲ್‌ನಲ್ಲಿ, ಬ್ಲೇಡು ಮರದೊಳಗಿರುವಾಗ. ಕರೆಂಟ್ ಹರಿಯದಿದ್ದರೆ ವಯರು ಎಷ್ಟು ಸಪೂರವಿದ್ದರೂ ವೋಲ್ಟೇಜ್ ಪೂರ್ತಿ ತೋರಿಸುತ್ತದೆ. ಲೋಡ್ ಬಿದ್ದಾಗಲೇ ಅದರ ಬಂಡವಾಳ ಗೊತ್ತಾಗುವುದು. ಇಂಡಕ್ಷನ್ ಮೋಟರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ಬೇಕಾದಲ್ಲಿ 190 ಬಂದರೆ ವೋಲ್ಟೇಜ್ ಹೋದದ್ದು ಸುಮಾರು ಆರರಲ್ಲೊಂದು ಪಾಲು, ಬಲ ಹೋದದ್ದು ಸುಮಾರು ಮೂರರಲ್ಲೊಂದು ಪಾಲು. ಅದೇ ವಯರಿಗೆ 3 ಎಚ್‌ಪಿ ಹಾಕಿದರೆ ಅದು ಇನ್ನೂ ಹೆಚ್ಚು ಆಂಪ್ ಎಳೆದು ವೋಲ್ಟೇಜನ್ನು ಇನ್ನಷ್ಟು ಕೆಡವುತ್ತದೆ.

ಪೆರ್ಲದ ಹತ್ತಿರ ಒಬ್ಬರು ಮಂಗಳೂರಿನಿಂದ 3 ಎಚ್‌ಪಿ ತಂದಿಟ್ಟೇ ನನ್ನನ್ನು ಕರೆದರು. ಮನೆಯ ಬೋರ್ಡಿನಿಂದ ಶೆಡ್ಡಿಗೆ 60 ಮೀಟರ್, ತೋಟದ ಅಂಚಿನಲ್ಲಿ ಎಳೆದದ್ದು 1.5 ಚದರ ಮಿ.ಮೀ. ತಾಮ್ರದ ವಯರು. ಮೀಟರ್ ಹಚ್ಚಿ, "ಇನ್ನು ಕೊಯ್ಯಿ ಆಚಾರ್ರೇ" ಎಂದೆ. ಎರಡಿಂಚಿನ ಹಲಸು ಬ್ಲೇಡಿಗೆ ತಾಗಿದ್ದೇ ತಡ, 225 ಇದ್ದದ್ದು 190ಕ್ಕೆ ಇಳಿಯಿತು, ಕ್ಲ್ಯಾಂಪ್ ಮೀಟರಿನಲ್ಲಿ 20 ಆಂಪ್. ಹೋಗಿ ಬರುವ 120 ಮೀಟರ್ ವಯರಿನ ರೋಧ ಸುಮಾರು 1.45 ಓಮ್, ಅಲ್ಲೇ 29 ವೋಲ್ಟ್ ಖರ್ಚು. ಬ್ಲೇಡು ಕಳಚಿದರೆ ಹಲ್ಲುಗಳ ಬುಡದಲ್ಲಿ ಹಲಸಿನ ಮೇಣ ಕಪ್ಪಗೆ ಗಟ್ಟಿಯಾಗಿತ್ತು, ಅದೂ ಪ್ಲೈವುಡ್ಡಿಗೆ ತಂದ 60 ಹಲ್ಲಿನ ಬ್ಲೇಡು. ಉದ್ದಕ್ಕೆ ಸೀಳಲು 10 ಇಂಚಿನದ್ದಾದರೆ 24 ಹಲ್ಲು ಸಾಕು, ಹೊಟ್ಟು ಹೊರಬೀಳಲು ಜಾಗ ಬೇಕಲ್ಲ. 4 ಚದರ ಮಿ.ಮೀ. ವಯರು, 24 ಹಲ್ಲಿನ ಬ್ಲೇಡು ಹಾಕಿದ ಮೇಲೆ ಹಳೆಯ ಮೋಟರೇ ಅದೇ ಹಲಗೆಯನ್ನು ನಿಲ್ಲದೆ ಕೊಯ್ದಿತು. ಹೊಸ ಮೋಟರನ್ನು ಅಂಗಡಿಯವರು ವಾಪಸ್ ತೆಗೆದುಕೊಂಡರು, ಒಳ್ಳೆಯವರು.

ಎಲ್ಲ ಕಡೆಯೂ ವಯರೇ ಕಾರಣ ಎನ್ನಲಾರೆ. ರನ್ನಿಂಗ್ ಕೆಪ್ಯಾಸಿಟರ್ ಸೋತಿರಬಹುದು, ಬೆಲ್ಟ್ ಜಾರುತ್ತಿರಬಹುದು, ಹಲಗೆ ಒರಗಿಸಿ ತಳ್ಳುವ ಫೆನ್ಸ್ ಬ್ಲೇಡಿಗೆ ನೇರವಾಗಿಲ್ಲದೆ ಹಲಗೆ ಹಿಡಿಯುತ್ತಿರಬಹುದು. ಟರ್ಮಿನಲ್‌ನಲ್ಲಿ ಅಳೆಯುವ ಕೆಲಸ ಮಾತ್ರ ತಿಳಿದವರಿಂದಲೇ ಆಗಲಿ. ಕೊಯ್ಯುವವರೇ ಮೀಟರ್ ಹಿಡಿಯಬಾರದು.

ವೋಲ್ಟೇಜ್ ಸರಿಯಿದ್ದು, ಬ್ಲೇಡು ಹರಿತವಿದ್ದು, ಆಮೇಲೂ ಕೊಯ್ಯುವಾಗ ನೇಮ್‌ಪ್ಲೇಟಿನ ಆಂಪ್ ದಿನವೂ ದಾಟುತ್ತಿದ್ದರೆ ದೊಡ್ಡ ಮೋಟರ್ ನ್ಯಾಯವೇ. ದಾರಂದಕ್ಕೆ ದಪ್ಪ ಮರ ಸೀಳುವವರಿಗೆ ಅದು ಬೇಕಾಗುತ್ತದೆ. ಆಗ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನೋಡದೆ ಕೊಳ್ಳಬೇಡಿ. 1440ರ ಮೋಟರ್ ತೆಗೆದು 2880ರದ್ದನ್ನು ಹಳೆಯ ಪುಲ್ಲಿಗಳಿಗೇ ಹಾಕಿದರೆ ಬ್ಲೇಡು ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ಬ್ಲೇಡಿನ ಮೇಲೆ ಬರೆದ ಮಿತಿ ದಾಟಿದರೆ ಅದು ಪ್ರಾಣದ ಪ್ರಶ್ನೆ. ಮೊದಲು ಹಲಗೆ ಸಿಕ್ಕಿಕೊಂಡರೆ ಮೋಟರ್ ನಿಲ್ಲುತ್ತಿತ್ತು, ದೊಡ್ಡ ಮೋಟರ್ ನಿಲ್ಲದೆ ಹಲಗೆಯನ್ನೇ ನಿಮ್ಮ ಹೊಟ್ಟೆಯತ್ತ ಎಸೆಯಬಹುದು. ಸೀಳಿದ ಮರ ಬ್ಲೇಡನ್ನು ಹಿಡಿಯದಂತೆ ಬ್ಲೇಡಿನ ಹಿಂದೆ ಇರುವ ಸೀಳುಪಟ್ಟಿಯನ್ನು ಬಿಚ್ಚಿ ಮೂಲೆಗಿಟ್ಟವರು ಅದನ್ನು ಮರಳಿ ಹಾಕಿದ ಮೇಲೆಯೇ ನಾನು 3 ಎಚ್‌ಪಿ ಕೂರಿಸುವುದು. ಲೋಡ್ ಹೆಚ್ಚಾಗುವ ಕಾರಣ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಸೆಕ್ಷನ್ ಆಫೀಸಿನಲ್ಲಿ ಮೊದಲೇ ವಿಚಾರಿಸಿ. ತ್ರೀ ಫೇಸ್ ಸಿಗುವುದಾದರೆ ಅದೇ ಒಳ್ಳೆಯದು.