ಓದುಗರ ಪ್ರಶ್ನೆ: ನಾಯಿಗೆ ಹಸಿ ಮಾಂಸ ಹಾಕಿದ್ರೆ ಆಗ್ತದಾ?

"ಡಾಕ್ಟ್ರೇ, ನಾಯಿಗೆ ಹಸಿ ಮಾಂಸ ಹಾಕಿದ್ರೆ ಆಗ್ತದಾ? ತೋಟ ಕಾಯ್ಲಿಕ್ಕೆ ರೋಷ ಬರ್ತದೆ ಅಂತಾರಲ್ಲ, ಹೌದಾ?"

ಈ ಸಲ ಕೇಳಿದವರು ಬದಿಯಡ್ಕದ ಕಡೆಯ ಒಬ್ಬ ಅಡಕೆ ಕೃಷಿಕರು. ಹೋದ ತಿಂಗಳು ಇದೇ ಪ್ರಶ್ನೆ ಮುಳ್ಳೇರಿಯದಿಂದ ಬಂದಿತ್ತು. ಅದಕ್ಕೂ ಮೊದಲು ಪೆರ್ಲದಿಂದ, ಉಪ್ಪಳದಿಂದ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ಇದನ್ನೇ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಉತ್ತರ ಚಿಕ್ಕದು. ಮಾಂಸ ಹಾಕಿ, ಬೇಯಿಸಿ ಹಾಕಿ. ಹಸಿ ಮಾಂಸದಿಂದ ರೋಷ ಬರುವುದಿಲ್ಲ. ಬರುವುದು ಹುಳ, ಭೇದಿ. ಮರಿಗೆ ಬರೀ ಮಾಂಸವನ್ನೇ ಹಾಕಿದರೆ ಸೊಟ್ಟ ಕಾಲು.

ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ ಎಂದು ನನಗೆ ಗೊತ್ತು. "ರಕ್ತದ ರುಚಿ ಹತ್ತಿದ ನಾಯಿ ಬೇರೆಯೇ" ಎಂಬ ಮಾತು ನಮ್ಮ ಕಡೆ ಅಷ್ಟು ಆಳಕ್ಕೆ ಇಳಿದಿದೆ. ಕೆಲವರು ಮರಿಗೆ ಗಾಂಧಾರಿ ಮೆಣಸನ್ನೂ ಅರೆದು ಅನ್ನಕ್ಕೆ ಕಲಸುತ್ತಾರೆ, ಅದೂ ರೋಷಕ್ಕೆಂದೇ. ಪಾಪದ ಮರಿ ಹೊಟ್ಟೆ ಉರಿದು ಒರಲುವುದನ್ನು ರೋಷ ಎಂದು ಲೆಕ್ಕ ಹಿಡಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ದನಕ್ಕೆ ಮದ್ದು ಮಾಡಲು ಒಂದು ತೋಟದ ಮನೆಗೆ ಹೋಗಿದ್ದೆ. ತೆಂಗಿನ ಬುಡಕ್ಕೆ ಒಂದು ನಾಯಿಯನ್ನು ಕಟ್ಟಿದ್ದರು. ಸರಪಳಿ ಉದ್ದ ಒಂದು ಮೀಟರ್ ಇದ್ದರೆ ಹೆಚ್ಚು. ಅದು ಸುತ್ತಿ ಸುತ್ತಿ ಮರದ ಸುತ್ತ ಹುಲ್ಲು ಸವೆದು ಉರುಟಾಗಿ ಕೆಂಪು ಮಣ್ಣು ಕಾಣುತ್ತಿತ್ತು. ಕೊರಳ ಪಟ್ಟಿ ಉಜ್ಜಿದಲ್ಲಿ ರೋಮ ಉದುರಿ ಚರ್ಮ ಹಣ್ಣಾಗಿತ್ತು, ಪಟ್ಟಿಯಡಿಯಲ್ಲಿ ಉಣ್ಣಿ ಸಾಲುಗಟ್ಟಿತ್ತು. ಪಕ್ಕದ ಅಡಕೆ ಹಾಳೆಯಲ್ಲಿ ಕೋಳಿ ಅಂಗಡಿಯಿಂದ ತಂದ ತಲೆ, ಕಾಲು, ಕರುಳು, ಮೇಲೆ ನೊಣ. "ಹಸಿಯೇ ಹಾಕುವುದು ಡಾಕ್ಟ್ರೇ. ಈಗ ಹತ್ತಿರ ಹೋಗ್ಲಿಕ್ಕೆ ನನಗೇ ಧೈರ್ಯ ಇಲ್ಲ" ಎಂದು ಯಜಮಾನರು ಹೆಮ್ಮೆಯಿಂದ ಹೇಳಿದರು. ನಾನು ನಾಯಿಯನ್ನೇ ನೋಡುತ್ತಾ ನಿಂತೆ. ಕಿವಿ ಹಿಂದಕ್ಕೆ ಒತ್ತಿಕೊಂಡಿತ್ತು, ಬಾಲ ಹೊಟ್ಟೆಯಡಿಗೆ ಸೇರಿತ್ತು, ಮೈಭಾರವೆಲ್ಲ ಹಿಂಗಾಲಿನ ಮೇಲೆ. ಹಲ್ಲು ಕಿಸಿಯುತ್ತಿತ್ತು ನಿಜ. ಆದರೆ ಅದು ಹೆದರಿ ಹೆದರಿ ದಿಕ್ಕು ತೋಚದ ಪ್ರಾಣಿಯ ನಿಲುವು. ಓಡಿಹೋಗಲು ದಾರಿ ಇಲ್ಲದ ನಾಯಿಗೆ ಉಳಿಯುವುದು ಕಚ್ಚುವ ದಾರಿ ಒಂದೇ.

ಅದೇ ವರ್ಷ ಇನ್ನೊಂದು ಮನೆ. ಅಡುಗೆಮನೆಗೆ ಮೊಟ್ಟೆ ಕೂಡ ಬಾರದ ಹವ್ಯಕರ ಮನೆ ಅದು. ನಾಯಿಗೆ ಹುಟ್ಟಿದಂದಿನಿಂದ ಮಜ್ಜಿಗೆ ಅನ್ನ. ಹಗಲಿಡೀ ಗೂಡಿನಲ್ಲಿ, ರಾತ್ರಿ ಕೂಡ ಹೆಚ್ಚಿನ ದಿನ ಗೂಡಿನಲ್ಲೇ. ಅಡಕೆ ಸುಲಿಯಲು ಬಂದವರಲ್ಲಿ ಇಬ್ಬರನ್ನು ಅದು ಕಚ್ಚಿತ್ತು. ರಕ್ತದ ರುಚಿಯನ್ನೇ ಕಾಣದ ನಾಯಿ. ಇನ್ನು ಮಂಜೇಶ್ವರದ ಕಡಲಕರೆಗೆ ಹೋಗಿ ನೋಡಿ. ಬಲೆಯಿಂದ ಉದುರಿದ ಹಸಿ ಬೂತಾಯಿ ಮೀನು ತಿಂದುಕೊಂಡು ದೋಣಿಯ ನೆರಳಲ್ಲಿ ಮಲಗಿದ ನಾಯಿಗಳನ್ನು ಮೀನಿನವರು ದಾಟಿಕೊಂಡೇ ಓಡಾಡುತ್ತಾರೆ, ಅವು ತಲೆ ಎತ್ತುವುದಿಲ್ಲ. ಹಸಿಯಿಂದ ರೋಷ ಬರುವುದಾದರೆ ಇವೆರಡೂ ತಿರುಗುಮುರುಗಾಗಿ ಇರಬೇಕಿತ್ತಲ್ಲ?

ಹೊಟ್ಟೆಯೊಳಗೆ ಏನಾಗುತ್ತದೆ ಎಂದೂ ಹೇಳುತ್ತೇನೆ. ಮಾಂಸ ಹಸಿಯಿರಲಿ ಬೆಂದಿರಲಿ, ಅದರ ಪ್ರೋಟೀನು ಜೀರ್ಣವಾಗುವಾಗ ಒಡೆದು ಅವೇ ಅಮೈನೋ ಆಮ್ಲಗಳಾಗುತ್ತವೆ. ರಕ್ತಕ್ಕೆ ಸೇರುವಾಗ ಇದು ಹಸಿಯದು, ಇದು ಬೆಂದದ್ದು ಎಂಬ ಗುರುತು ಉಳಿಯುವುದಿಲ್ಲ. ಮೆದುಳಿನ ಲೆಕ್ಕವೂ ಬೇರೆ. ಬೇಟೆಯಾಡುವುದು ಮತ್ತು ಸಿಟ್ಟಿಗೇಳುವುದು ಒಂದೇ ಕೆಲಸವಲ್ಲ. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಬೆಕ್ಕಿನ ಮೆದುಳಿನ ಹೈಪೊಥಲಾಮಸ್ ಎಂಬ ಭಾಗಕ್ಕೆ ಸಣ್ಣ ವಿದ್ಯುತ್ ಹರಿಸಿ, ಅದು ರೋಮ ನಿಮಿರಿಸಿ ಬುಸುಗುಟ್ಟುವಂತೆ ಮಾಡಿ ತೋರಿಸಿದ. 1949ರಲ್ಲಿ ಅವನಿಗೆ ನೊಬೆಲ್ ಬಂತು. ಮುಂದೆ ಬಂದ ಸಂಶೋಧಕರು ಅದೇ ಹೈಪೊಥಲಾಮಸಿನ ಬೇರೆ ಜಾಗವನ್ನು ಪ್ರಚೋದಿಸಿದಾಗ ಬೆಕ್ಕು ಸದ್ದಿಲ್ಲದೆ ಹೋಗಿ ಇಲಿಯ ಕತ್ತು ಹಿಡಿಯಿತು. ಸಿಟ್ಟಿನ ಚಿಹ್ನೆಯೇ ಇರಲಿಲ್ಲ. ನಿಮ್ಮ ಮನೆಯ ಬೆಕ್ಕು ಇಲಿ ಹಿಡಿಯುವಾಗ ಗುರುಗುಡುವುದನ್ನು ನೋಡಿದ್ದೀರಾ? ಮಾಂಸದ ಆಸೆ ಹೆಚ್ಚಿಸಿದರೆ ಕಳ್ಳನ ಮೇಲೆ ಸಿಟ್ಟು ಹೆಚ್ಚುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ.

ನಾಯಿ ಹೇಗೆ ಬೆಳೆದೀತು ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಮೂರು ವಾರದಿಂದ ಹನ್ನೆರಡು, ಹದಿನಾಲ್ಕು ವಾರದೊಳಗೆ. ಅಮೆರಿಕದ ಬಾರ್ ಹಾರ್ಬರಿನಲ್ಲಿ ನಡೆದು 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಬೇಲಿ ಹಾಕಿದ ಮೈದಾನದಲ್ಲಿ ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತಾದವು. ಹೊಸಬರನ್ನು, ಮಕ್ಕಳನ್ನು, ಕೊಡೆ ಹಿಡಿದವರನ್ನು, ಕೊಟ್ಟೆ ಮುಟ್ಟಾಳೆ (ಹಾಳೆಯ ಟೋಪಿ) ಇಟ್ಟವರನ್ನು ಆ ವಯಸ್ಸಿನಲ್ಲಿ ಕಾಣದ ಮರಿ ಮುಂದೆ ಎಲ್ಲರಿಗೂ ಹೆದರುತ್ತದೆ. ಸರಪಳಿಯ ವಿಷಯಕ್ಕೂ ಲೆಕ್ಕ ಉಂಟು. ಡೆನ್ವರ್ ನಗರದಲ್ಲಿ ಕಚ್ಚಿದ ನಾಯಿಗಳನ್ನೂ ಕಚ್ಚದ ನಾಯಿಗಳನ್ನೂ ಹೋಲಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದ ನಾಯಿ ಕಚ್ಚುವ ಸಂಭವ ಸುಮಾರು 2.8 ಪಟ್ಟು ಹೆಚ್ಚು ಕಂಡಿತು.

ಹಾಗಾದರೆ ಈ ನಂಬಿಕೆ ಹುಟ್ಟಿದ್ದಾದರೂ ಎಲ್ಲಿಂದ? ನನಗೆ ತೋಚುವುದು ಇದು. ಅಪರೂಪಕ್ಕೆ ಸಿಕ್ಕಿದ ಮಾಂಸವನ್ನು, ಅದರಲ್ಲೂ ಎಲುಬನ್ನು, ನಾಯಿ ಬಿಟ್ಟುಕೊಡುವುದಿಲ್ಲ. ಹತ್ತಿರ ಹೋದರೆ ಗುರುಗುಡುತ್ತದೆ. ನೋಡಿದವರು "ಕಂಡಿರಾ, ರೋಷ ಬಂತು" ಎನ್ನುತ್ತಾರೆ. ಅದು ತಟ್ಟೆ ಕಾಯುವ ಗುಣ, ತೋಟ ಕಾಯುವ ಗುಣವಲ್ಲ. ಕಳ್ಳ ಬೇಲಿ ದಾಟಿದಾಗ ಅದು ಕೆಲಸಕ್ಕೆ ಬರುವುದಿಲ್ಲ, ಎರಡು ವರ್ಷದ ಮೊಮ್ಮಗು ತಟ್ಟೆಯ ಹತ್ತಿರ ಪುಟ್ಟ ಹೆಜ್ಜೆ ಇಡುತ್ತಾ ಹೋದಾಗ ಕೆಲಸಕ್ಕೆ ಬರುತ್ತದೆ. ನನ್ನನ್ನು ನಿದ್ದೆಗೆಡಿಸುವುದು ಈ ಯೋಚನೆ. ಮುಖಕ್ಕೆ ಹೊಲಿಗೆ ಹಾಕಿಸಿಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ, ಕಚ್ಚಿದ್ದು ಪ್ರತಿಸಲವೂ ಮನೆಯದೇ ನಾಯಿ. ತೋಟ ಕಾಯಲು ಬೊಗಳುವ ನಾಯಿ ಸಾಕು. ಹಗಲು ಮನೆಯವರ ಜೊತೆ ಬೆರೆತು ರಾತ್ರಿ ಬಿಟ್ಟುಕೊಂಡಿರುವ ಊರ ನಾಯಿ ಅದನ್ನು ಚೆನ್ನಾಗಿಯೇ ಮಾಡುತ್ತದೆ.

ಇನ್ನು ಪೇಟೆಯವರ ವಾದ ಬೇರೆ. "ನಾಯಿ ತೋಳದ ವಂಶ, ಹಸಿಯೇ ಅದರ ಸಹಜ ಆಹಾರ" ಎನ್ನುತ್ತಾರೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಒಬ್ಬ ಪಶುವೈದ್ಯರಿಂದ ಹರಡಿದ ವಿಚಾರ ಈಗ ಫೋನಿನ ಮೂಲಕ ನಮ್ಮೂರಿಗೂ ಬಂದಿದೆ. ವಂಶ ಹೌದು. ಆದರೆ ಮನುಷ್ಯನ ಜೊತೆ ಹದಿನೈದು ಸಾವಿರ ವರ್ಷವಾದರೂ ಕಳೆದ ಮೇಲೆ ಹೊಟ್ಟೆ ಹಾಗೆಯೇ ಉಳಿದಿಲ್ಲ. ಗಂಜಿಯ ಪಿಷ್ಟವನ್ನು ಒಡೆಯುವ ಅಮೈಲೇಸ್ ಜೀನು ತೋಳದಲ್ಲಿ ಎರಡು ಪ್ರತಿ ಇದ್ದರೆ ನಾಯಿಗಳಲ್ಲಿ ನಾಲ್ಕರಿಂದ ಮೂವತ್ತು ಪ್ರತಿ ಇದೆ ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ನಮ್ಮ ಕುಚ್ಚಲಕ್ಕಿ ಅನ್ನ ನಾಯಿಗೆ ಜೀರ್ಣವಾಗುತ್ತದೆ, ಆ ಬಗ್ಗೆ ಚಿಂತೆ ಬೇಡ.

ಬರೀ ಮಾಂಸದ ಅಪಾಯ ಮರಿಗಳಲ್ಲಿ ಬೇಗ ಗೊತ್ತಾಗುತ್ತದೆ. ಒಬ್ಬ ಹುಡುಗ ಐದು ತಿಂಗಳ ಜರ್ಮನ್ ಶೆಫರ್ಡ್ ಮರಿಯನ್ನು ಬೈರಾಸಿನಲ್ಲಿ ಸುತ್ತಿ ಎತ್ತಿಕೊಂಡು ಬಂದಿದ್ದ. ಕೆಳಗಿಟ್ಟರೆ ಮುಂಗಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗುತ್ತಿತ್ತು. ನಾನು ತೊಡೆ ಮುಟ್ಟಿದ್ದೇ ತಡ, ಚೀರಿತು. ಎಕ್ಸ್‌ರೇಯಲ್ಲಿ ಎಲುಬು ಸುತ್ತಲಿನ ಮಾಂಸಕ್ಕಿಂತ ಸ್ವಲ್ಪವೇ ಬಿಳಿ, ಹಿಂಗಾಲಿನಲ್ಲಿ ಒಂದು ಬಿರುಕು. ಎರಡೂವರೆ ತಿಂಗಳಿನಿಂದ ಎಲುಬಿಲ್ಲದ ಕೋಳಿ ಮಾಂಸ ಮತ್ತು ಲಿವರ್, ಬೇರೇನೂ ಇಲ್ಲ. ಅಕ್ಕರೆಯಿಂದಲೇ ಹಾಕಿದ್ದ, ಕೂಡಿಟ್ಟ ಹಣ ಖರ್ಚು ಮಾಡಿ. ಮಾಂಸದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಅದರ ಹದಿನೈದನೆಯ ಒಂದು ಪಾಲೂ ಕಷ್ಟ. ಮರಿಗೆ ಬೇಕಾದದ್ದು ರಂಜಕದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಕ್ಯಾಲ್ಸಿಯಂ. ಹೊರಗಿನಿಂದ ಸಿಗದಾಗ ದೇಹ ಎಲುಬನ್ನೇ ಕರಗಿಸಿ ರಕ್ತಕ್ಕೆ ಒದಗಿಸುತ್ತದೆ. ಆ ಮರಿ ಬದುಕಿತು, ನಡೆಯಿತು, ಕಾಲು ಮಾತ್ರ ಪೂರ್ತಿ ನೇರವಾಗಲಿಲ್ಲ. ಬೇಯಿಸಿ ಹಾಕಿದ್ದರೂ ಇದೇ ಆಗುತ್ತಿತ್ತು ಎನ್ನುವುದನ್ನೂ ಹೇಳಬೇಕು.

ಹಸಿಯದೇ ಆದ ಅಪಾಯ ಸಾಲ್ಮೊನೆಲ್ಲದಂಥ ರೋಗಾಣುಗಳದ್ದು. "ನಾಯಿಯ ಹೊಟ್ಟೆಯಲ್ಲಿ ಆಸಿಡ್ ಜೋರು, ಎಲ್ಲ ಸಾಯ್ತದೆ" ಎನ್ನುವವರಿದ್ದಾರೆ. ನಾಯಿ ಕಾಯಿಲೆ ಬೀಳದೆ ಇರಬಹುದು. ಆದರೆ ಅದರ ಮಲದಲ್ಲಿ ಆ ರೋಗಾಣು ಜೀವಂತ ಹೊರಬರುತ್ತದೆ. ತಟ್ಟೆ ತೊಳೆಯುವವರಿಗೆ, ನಾಯಿಯಿಂದ ಮುಖ ನೆಕ್ಕಿಸಿಕೊಳ್ಳುವ ಮಕ್ಕಳಿಗೆ ಅದು ತಗಲಬಹುದು. ಫ್ರೀಜರಿನಲ್ಲಿಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ಮನೆ ಕಾಯುತ್ತದೆ. ಮಳೆಗಾಲದಲ್ಲಿ ನಮ್ಮ ಕರೆಂಟಿನ ಪಾಡು ನಿಮಗೇ ಗೊತ್ತು. ಅಮೆರಿಕದ ಪಶುವೈದ್ಯ ಸಂಘ ಹಸಿ ಮಾಂಸ ಹಾಕಬೇಡಿ ಎಂದು 2012ರಲ್ಲೇ ನಿಲುವು ತೆಗೆದುಕೊಂಡಿದೆ. ಆಡು, ದನದ ಹಸಿ ಶ್ವಾಸಕೋಶ ಮತ್ತು ಲಿವರಿನಲ್ಲಿ ನೀರು ತುಂಬಿದ ಗುಳ್ಳೆಗಳಿದ್ದರೆ ಇನ್ನೂ ಕೆಟ್ಟದ್ದು. ಅದನ್ನು ತಿಂದ ನಾಯಿಯ ಕರುಳಲ್ಲಿ ಅಕ್ಕಿಕಾಳಿನಷ್ಟೂ ಉದ್ದವಿರದ ಲಾಡಿಹುಳ ಬೆಳೆಯುತ್ತದೆ. ಮಲದಲ್ಲಿ ಬಂದ ಅದರ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ಲಿವರಿನಲ್ಲೋ ಶ್ವಾಸಕೋಶದಲ್ಲೋ ವರ್ಷಗಟ್ಟಲೆ ಗುಳ್ಳೆಯಾಗಿ ಬೆಳೆದು ಆಪರೇಷನ್ ಮಾಡಿಸುವಲ್ಲಿಗೆ ಬರುತ್ತದೆ.

ಏನು ಹಾಕುವುದು? ಅನ್ನ, ಬೇಯಿಸಿದ ಕೋಳಿ ಅಥವಾ ಮೀನು, ಒಂದಿಷ್ಟು ಚೀನಿಕಾಯಿ (ಸಿಹಿಗುಂಬಳ). ಬೂತಾಯಿಯನ್ನು ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಮೆತ್ತಗಾಗುತ್ತದೆ, ಕ್ಯಾಲ್ಸಿಯಂ ಅಲ್ಲೇ ಸಿಕ್ಕಿತು. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವವಿದೆ, ಬೇಯಿಸಿದರೆ ಅದೂ ಹೋಗುತ್ತದೆ. ಮೀನಿಲ್ಲದ ದಿನ ಮೊಟ್ಟೆಯ ಚಿಪ್ಪನ್ನು ಒಣಗಿಸಿ ನುಣ್ಣಗೆ ಪುಡಿಮಾಡಿ ಹಾಕಿ. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇದೆ, 20 ಕಿಲೋದ ದೊಡ್ಡ ನಾಯಿಗೆ ಅರ್ಧ ಚಿಪ್ಪು ಸಾಕು. ಬೇಯಿಸಿದ ಕೋಳಿ ಎಲುಬು ಬೇಡವೇ ಬೇಡ, ಅದು ಸೀಳಿ ಕರುಳಿಗೆ ಚುಚ್ಚುತ್ತದೆ. ಮನೆಯ ಸಾರು ಹಾಕುವುದಾದರೆ ನೀರುಳ್ಳಿ, ಬೆಳ್ಳುಳ್ಳಿ ಬೀಳುವ ಮೊದಲೇ ತೆಗೆದಿಡಿ, ಅವೆರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮಾಂಸ ತಾರದ ಮನೆಯವರು ನಾಯಿಗೆಂದು ಹೊರಗಿನ ಒಲೆಯಲ್ಲಿ ಮೊಟ್ಟೆ ಬೇಯಿಸಿ ಹಾಕಿದರೂ ಆದೀತು. ಬರೀ ಮಜ್ಜಿಗೆ ಅನ್ನದಲ್ಲಿ ಪ್ರೋಟೀನು ಸಾಲುವುದಿಲ್ಲ.

ಹಸಿಯ ಮಾತು ಬಂದದ್ದರಿಂದ, ಯಾರೂ ಕೇಳದಿದ್ದರೂ ಒಂದು ವಿಷಯ. ದನ ಕರು ಹಾಕಿದಾಗ ಬೀಳುವ ಮಾಸನ್ನು, ಕೆಲವರು ಸತ್ತೆ ಎನ್ನುತ್ತಾರೆ, ಏನು ಮಾಡುತ್ತೀರಿ? ತೋಡಿನ ಬದಿಗೆ ಎಸೆಯುವ ಮನೆಗಳು ಬೇಕಾದಷ್ಟಿವೆ, ಮರುಗಳಿಗೆಯಲ್ಲಿ ಅದು ನಾಯಿಯ ಬಾಯಲ್ಲಿರುತ್ತದೆ. ನಿಯೋಸ್ಪೊರ ಎಂಬ ಏಕಕೋಶದ ಪರೋಪಜೀವಿಯನ್ನು 1984ರಲ್ಲಿ ಮೊದಲು ಕಂಡದ್ದು ನಾರ್ವೆಯ ನಾಯಿಗಳಲ್ಲಿ. ಸೋಂಕಿದ ಮಾಸು ಅಥವಾ ಹಸಿ ಮಾಂಸ ತಿಂದ ನಾಯಿಯ ಮಲದಲ್ಲಿ ಅದು ಹೊರಬರುತ್ತದೆ, ಹುಲ್ಲು, ನೀರಿನ ಮೂಲಕ ದನಕ್ಕೆ ಸೇರುತ್ತದೆ, ಗಬ್ಬದ ದನ ಐದಾರು ತಿಂಗಳಲ್ಲಿ ಕಂದು ಹಾಕುತ್ತದೆ. ಕಂದು ಹಾಕದಿದ್ದರೆ ಹುಟ್ಟುವ ಕರುವೇ ಅದನ್ನು ಹೊತ್ತುಕೊಂಡು ಬರಬಹುದು. ಕಾಸರಗೋಡು ಕುಳ್ಳ ದನ ಸಾಕುವವರು, ಒಂದೆರಡು ದನವನ್ನೇ ನಂಬಿಕೊಂಡವರು, ಇದನ್ನು ದಯವಿಟ್ಟು ಗಮನಿಸಿ. ಹಿಂದಿನವರು ಮಾಸನ್ನು ಹುಲ್ಲಿನಲ್ಲಿ ಸುತ್ತಿ ಹಾಲು ಬರುವ ಮರದ ಕೊಂಬೆಗೆ ಎತ್ತರದಲ್ಲಿ ಕಟ್ಟುತ್ತಿದ್ದರು, ದನಕ್ಕೆ ಹಾಲು ಹೆಚ್ಚಲಿ ಎಂದು. ಹಾಲು ಹೆಚ್ಚುತ್ತಿರಲಿಲ್ಲ, ಆದರೆ ನಾಯಿಗೆ ಎಟಕುತ್ತಿರಲಿಲ್ಲ. ಈಗ ಅದಕ್ಕಿಂತ ಒಳ್ಳೆಯದು ಮೂರು ನಾಲ್ಕು ಅಡಿ ಗುಂಡಿ ತೋಡಿ, ಸುಣ್ಣ ಹಾಕಿ ಹೂತು, ಮೇಲೊಂದು ಕಲ್ಲು ಹೇರುವುದು. ಬೈಹುಲ್ಲಿನ ರಾಶಿಯ ಮೇಲೆ ನಾಯಿಯನ್ನು ಮಲಗಲು ಬಿಡಬೇಡಿ. ಕಂದು ಹಾಕಿದ ದನ ಇದ್ದರೆ ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಎಳೆಯಬೇಡಿ, ದನ ಕಂದು ಹಾಕಲು ಕಾರಣವಾಗುವ ಬ್ರುಸೆಲ್ಲಾ ಎಂಬ ರೋಗಾಣು ಮನುಷ್ಯರಿಗೂ ತಗಲುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಬಿದ್ದದ್ದನ್ನು ನಾಯಿ ಮುಟ್ಟದಂತೆ ಮುಚ್ಚಿಡಿ, ಹೂಳುವ ಮೊದಲು ಹತ್ತಿರದ ಮೃಗಾಸ್ಪತ್ರೆಗೆ ಒಂದು ಫೋನ್ ಮಾಡಿ.